ಒಂದೇ ಮನೆಯ ಇಬ್ಬರು ಬೀರಮ್ಮ

ಹೆಸರು ಇರುವುದು ಕರೆಯುವುದಕ್ಕೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ನಮ್ಮ ಮನೆಯಲ್ಲಿ ಹಾಗಲ್ಲ. ಹುಟ್ಟಿದ ಮೊದಲ ಮೊಮ್ಮಗಳಿಗೆ ಅಪ್ಪನ ತಾಯಿಯ ಹೆಸರಿಡುವುದು ನಮ್ಮ ಕಡೆಯ ಪದ್ಧತಿ. ಅದರಂತೆ ನನಗೆ ಬೀರಮ್ಮ ಎಂದು ಹೆಸರಿಟ್ಟರು. ಇಟ್ಟ ಮರುದಿನವೇ ತೊಡಕು ಶುರುವಾಗಿರಬೇಕು. ಅಮ್ಮ ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಅಪ್ಪನಿಗೆ ಅದು ಹೆತ್ತ ತಾಯಿಯ ಹೆಸರು. ಅದನ್ನು ಹಿಡಿದು ಮಗಳನ್ನು ಗದರಿಸಲು ನಾಲಿಗೆ ಏಳುವುದಿಲ್ಲ. ಅಜ್ಜ ಬದುಕಿದ್ದಷ್ಟು ದಿನ ಹೆಂಡತಿಯನ್ನು ಕರೆದದ್ದು ‘ಕೇಳ್ತಾ?’ ಎಂದೇ, ಮೊಮ್ಮಗಳಿಗಾಗಿ ಆ ಹೆಸರನ್ನು ಉಚ್ಚರಿಸುವ ಮನುಷ್ಯ ಅವನಲ್ಲ. ಉಳಿದವಳು ಅಜ್ಜಿ. ತನ್ನ ಹೆಸರನ್ನು ತಾನೇ ಕೂಗುವುದು ಅವಳಿಗೆ ನಾಚಿಕೆಯ ವಿಷಯ. ಹೀಗಾಗಿ ನಾನು ಎಲ್ಲರಿಗೂ ‘ತಂಗಿ’ಯಾದೆ. ಹೆಸರು ಮಾತ್ರ ಹಬ್ಬಕ್ಕೂ ತೆಗೆಯದ ಬೆಳ್ಳಿಯ ಲೋಟದ ಹಾಗೆ ಪೆಟ್ಟಿಗೆಯ ತಳದಲ್ಲಿ ಉಳಿಯಿತು. ಒಂದನೆಯ ಇಯತ್ತೆಯಲ್ಲಿ ಅಕ್ಕೋರು ಹಾಜರಿ ತೆಗೆಯುತ್ತ ‘ಬೀರಮ್ಮ’ ಎಂದಾಗ, ಅಜ್ಜಿ ಶಾಲೆಗೂ ಬಂದಳೋ ಎಂದು ನಾನು ಹಿಂದಿರುಗಿ ನೋಡಿದೆ. ಏಕೆಂದರೆ ಆ ಹೆಸರನ್ನು ಅದಕ್ಕೆ ಮೊದಲು ನಾನು ಕೇಳಿದ್ದು ಒಂದೇ ಕಡೆ: ಊರಿನ ಸಹಕಾರಿ ಸೊಸೈಟಿಯ ವಾರ್ಷಿಕ ಸಭೆಯಲ್ಲಿ. ಅಲ್ಲಿ ಹಾಗೆ ಕರೆದಾಗ ಅಜ್ಜಿ ‘ಹ್ಞಾಂ’ ಎಂದು ಎದ್ದು ನಿಲ್ಲುತ್ತಿದ್ದಳು.

ಮುಂದೆ ಧಾರವಾಡಕ್ಕೆ ಎಂಸಿಎ ಓದಲು ಹೋದಾಗ ತರಗತಿಯ ತುಂಬ ಸ್ಮಿತಾ, ದೀಪಾ, ಪ್ರಿಯಾಗಳು. ಅವರ ನಡುವೆ ಬೀರಮ್ಮ ಎಂದರೆ ನೀರು ಕೊಡಲು ಬಂದ ಯಾರದೋ ದೊಡ್ಡಮ್ಮನಂತೆ ಕೇಳಿಸುತ್ತಿತ್ತು. ನಾನು ಮೊದಲೇ ಮಾತು ಕಡಿಮೆಯವಳು. ಯಾರಾದರೂ ಹೆಸರು ಕೇಳಿದರೆ ಇನ್ನೂ ಕಡಿಮೆಯಾಗುತ್ತಿತ್ತು. ಓದು ಮುಗಿದ ಮೇಲೆ ಕಾರವಾರದಲ್ಲೇ ಕೆಲಸ ಸಿಕ್ಕಿತು. ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ, ಸಮುದ್ರದ ಗಾಳಿಗೆ ಕಂಪ್ಯೂಟರಿನ ಸ್ಕ್ರೂಗಳು ಕೂಡ ತುಕ್ಕು ಹಿಡಿಯುತ್ತಿದ್ದ ಪುಟ್ಟ ಸಾಫ್ಟ್‌ವೇರ್ ಆಫೀಸು. ದಿನವೂ ನಮ್ಮೂರು ಅವರ್ಸಾದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅದು ಬೇಲೆಕೇರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದ ಕಾಲ. ಅಂಕೋಲೆಯ ಕಡೆಯಿಂದ ಬರುವ ಬಸ್ಸು ಆ ಲಾರಿಗಳ ಹಿಂದೆ ಸಿಕ್ಕಿಕೊಂಡಿತೆಂದರೆ ಕೆಂಪು ಧೂಳು ಮೆತ್ತಿಕೊಂಡು ತಡವಾಗಿಯೇ ಬರುತ್ತಿತ್ತು. ಅದರಲ್ಲಿ ಕೂತು ಇಳಿಯುವಾಗ ನನ್ನ ಬಿಳಿ ದುಪ್ಪಟ್ಟಾಕ್ಕೂ ಹೊಸ ಬಣ್ಣ ಬಂದಿರುತ್ತಿತ್ತು. ಶಿರವಾಡದಿಂದ ಬರುತ್ತಿದ್ದ ಶ್ಯಾಮಲಾ ನನ್ನ ಪಕ್ಕದ ಕುರ್ಚಿಯವಳು. ಅವಳು ಮನೆಯಲ್ಲಿ ಕೊಂಕಣಿ, ಆಫೀಸಿನಲ್ಲಿ ಕನ್ನಡ, ಕಂಪ್ಯೂಟರ್ ಕೆಟ್ಟಾಗ ಎರಡೂ ಮಾತಾಡುತ್ತಿದ್ದಳು. “ಅಗೋ ಬೀರಮ್ಮ, ಇಂದು ಯಾವ ಗಣಿಯಿಂದ ಬಂದೆ?” ಎಂಬುದು ಅವಳ ಬೆಳಗಿನ ನಮಸ್ಕಾರ. ದಿನವೂ ಅಷ್ಟು ಸಲೀಸಾಗಿ ನನ್ನನ್ನು ಹೆಸರು ಹಿಡಿದು ಕರೆದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ಮೊದಲ ಕೆಲವು ವಾರ ನನಗೆ ಪ್ರತಿಸಲವೂ ಮೈ ಜುಮ್ಮೆನ್ನುತ್ತಿತ್ತು.

ನಮ್ಮ ಆಫೀಸಿನ ಸರ್ ಮುಂಬಯಿಯಲ್ಲಿ ಬಹಳ ವರ್ಷ ದುಡಿದು ಊರಿಗೆ ಮರಳಿದವರು. ಪರೀಕ್ಷೆ ಬರೆಯದ ಕೋಡನ್ನು ಅವರು ತೊಳೆಯದ ಮೀನಿನಂತೆ ಕಾಣುತ್ತಿದ್ದರು. ಪರೀಕ್ಷೆ ಎಂದರೆ, ಬರೆದ ಕೋಡು ಹೇಳಿದ ಹಾಗೆ ನಡೆಯುತ್ತದೋ ಇಲ್ಲವೋ ಎಂದು ನೋಡುವ ಇನ್ನೊಂದು ಪುಟ್ಟ ಕೋಡು. ಆಗ ನಾವು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಮ್ಮೂರಿನದೇ ಸೊಸೈಟಿಗೆ ಒಂದು ಪ್ರೋಗ್ರಾಂ ಬರೆಯುತ್ತಿದ್ದೆವು. ಅದರಲ್ಲಿ ‘ಸದಸ್ಯ’ ಎಂಬ ವಸ್ತು ನನ್ನ ಪಾಲಿನದು: ಹೆಸರು, ಊರು, ಮನೆ ನಂಬರು, ಹುಟ್ಟಿದ ದಿನ ಇಷ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಸುಮ್ಮನಿರುವ ವಸ್ತು. ಸ್ವಭಾವದಲ್ಲಿ ನನ್ನಂಥದ್ದೇ. ಅದಕ್ಕೆ ಮೂರು ಪರೀಕ್ಷೆ ಬರೆಯಬೇಕೆಂದು ಸರ್ ಹೇಳಿದರು. “ಫೈಲಿನಲ್ಲಿ ಇಟ್ಟು ತೆಗೆದರೆ ಇಟ್ಟ ಹಾಗೇ ಬರಬೇಕು. ನಕಲು ಮಾಡಿದರೆ ಅಸಲಿಗೆ ಏಟು ತಾಗಬಾರದು. ಒಂದೇ ಆದದ್ದನ್ನು ಒಂದೇ ಅನ್ನಬೇಕು, ಬೇರೆ ಆದದ್ದನ್ನು ಬೇರೆ ಅನ್ನಬೇಕು. ಇಷ್ಟಾದ ಮೇಲೆ ನನ್ನ ಹತ್ತಿರ ಬಾ.” ಪರೀಕ್ಷೆ ಗೆದ್ದರೆ ಪರದೆಯ ಮೇಲೆ ಹಸಿರು ಪಟ್ಟಿ, ಸೋತರೆ ಕೆಂಪು. ಪರೀಕ್ಷೆಗೆ ಜನ ಬೇಕಲ್ಲ? ಹೊರಗಿನವರ ಹೆಸರು ಬಳಸಲು ಸಂಕೋಚವಾಗಿ ನಾನು ಮನೆಯವರನ್ನೇ ತಂದು ಕೂರಿಸಿದೆ. ಬೀರಮ್ಮ, ಅಂದರೆ ಅಜ್ಜಿ. ಹಮ್ಮಣ್ಣ, ಅಂದರೆ ಅಪ್ಪ. ಅಜ್ಜಿಯನ್ನು ಅಕ್ಷರಗಳ ಸಾಲಾಗಿ ಒಣಗಿಸಿ ಫೈಲಿಗೆ ಹಾಕಿದೆ, ತೆಗೆದೆ, ಅದೇ ಅಜ್ಜಿ ಎದ್ದು ಕೂತಳು. ಹಸಿರು. ಸಂಜೆ ಮನೆಗೆ ಹೋದ ಹುರುಪಿನಲ್ಲಿ, ಜಗಲಿಯಲ್ಲಿ ಒಣಸಿಗಡಿಯ ತಲೆ ಮುರಿಯುತ್ತ ಕೂತಿದ್ದ ಅಜ್ಜಿಗೆ ಇದನ್ನು ವಿವರಿಸಿದೆ. ಮಳೆಗಾಲಕ್ಕೆಂದು ನೀನು ಸಿಗಡಿ ಒಣಗಿಸಿ ಡಬ್ಬಿಯಲ್ಲಿಡುವುದಿಲ್ಲವೆ, ಬೇಕಾದಾಗ ತೆಗೆಯುವುದಿಲ್ಲವೆ, ಹಾಗೆಯೇ ಎಂದೆ. ಅಜ್ಜಿ ಒಂದು ಸಿಗಡಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

“ತೆಗ್ದು ನೀರಿಗೆ ಹಾಕಿದ್ರೆ ಈಜ್ತದ್ಯಾ?”

“ನಿನ್ನ ಸಿಗಡಿ ಈಜೂದಿಲ್ಲ. ನಮ್ಮದು ಈಜ್ತದೆ. ಅದನ್ನೇ ಪರೀಕ್ಷೆ ಮಾಡೂದು.”

“ಹಾಂಗಾರೆ ನಿಮ್ದು ಸಮ ಒಣಗ್ಲಿಲ್ಲ, ತಂಗಿ” ಎಂದು ಅಜ್ಜಿ ಮರುಕದಿಂದ ಹೇಳಿ ಮುಂದಿನ ತಲೆ ಮುರಿದಳು.

ನಕಲಿನ ಪರೀಕ್ಷೆ ಮಾತ್ರ ಮೊದಲ ಸಲಕ್ಕೆ ಕೆಂಪಾಯಿತು. ಅಜ್ಜಿಗೆ ಬಾಯಿಗೆ ಬಂದ ಒಂದು ಹುಟ್ಟಿದ ದಿನ ಹಾಕಿ, ಅವಳ ಒಂದು ನಕಲು ಮಾಡಿ, ಆ ನಕಲಿನ ಹುಟ್ಟಿದ ವರ್ಷವನ್ನು ಸುಮ್ಮನೆ ನನ್ನ ವರ್ಷಕ್ಕೆ ಬದಲಾಯಿಸಿ ನೋಡಿದರೆ, ಅಸಲು ಅಜ್ಜಿಯ ವರ್ಷವೂ ಬದಲಾಗಿತ್ತು. ಶ್ಯಾಮಲಾ ಪರದೆಗೆ ಮೂಗು ತಾಗಿಸಿ, “ಅಗೋ, ನಿನ್ನ ಅಜ್ಜಿ ನಿನ್ನ ಅಪ್ಪನಿಗಿಂತ ಸಣ್ಣೋಳಾದ್ಲು! ಇನ್ನು ಅಪ್ಪನ್ನ ಯಾರು ಹೆರೂದು?” ಎಂದು ಇಡೀ ಆಫೀಸಿಗೆ ಕೇಳಿಸುವಂತೆ ವಿಚಾರಿಸಿದಳು. ವಿಷಯ ಇಷ್ಟೆ. ಹೆಸರು, ಊರು ಎಲ್ಲ ಇಬ್ಬರಿಗೂ ಬೇರೆ ಬೇರೆಯಾಗಿ ಬಂದಿದ್ದವು. ಹುಟ್ಟಿದ ದಿನ ಮಾತ್ರ, ಎರಡು ಮನೆಯ ನಡುವಿನ ಒಂದೇ ಬಾವಿಯ ಹಾಗೆ, ಇಬ್ಬರಿಗೂ ಸೇರಿ ಒಂದೇ ಇತ್ತು. ಈ ಮನೆಯವರು ಅದಕ್ಕೆ ಏನು ಹಾಕಿದರೂ ಆ ಮನೆಯ ಕೊಡದಲ್ಲಿ ಬರುತ್ತದೆ. ಇದನ್ನು ಸರಿಪಡಿಸುವಾಗ ನನಗೆ ಸಣ್ಣಂದಿನ ಒಂದು ಸಂಗತಿ ನೆನಪಾಯಿತು. ಹೊಸದಾಗಿ ಬಂದ ಪಕ್ಕದ ಮನೆಯ ಸೊಸೆ ಒಮ್ಮೆ ನಾನು ಪೇರಲೆ ಮರ ಹತ್ತಿದ್ದನ್ನು ಕಂಡು, “ಏ ಬೀರಮ್ಮ, ಮಂಗನ ಹಂಗೆ ಎಲ್ಲಿ ಹತ್ತಿ, ಇಳಿ ಕೆಳಗೆ” ಎಂದು ಕೂಗಿದ್ದಳು. ಒಳಗೆ ಅಕ್ಕಿ ಆರಿಸುತ್ತಿದ್ದ ಅಜ್ಜಿ ಮೊರವನ್ನು ಕೆಳಗಿಟ್ಟು ಎರಡು ದಿನ ಆ ಮನೆಯವರ ಜೊತೆ ಮಾತು ಬಿಟ್ಟಳು. ಬೈಗುಳ ಹೋದದ್ದು ನಕಲಿಗೆ, ತಾಗಿದ್ದು ಅಸಲಿಗೆ. ಜಾವಾದಲ್ಲಿ ಇದಕ್ಕೆ ಮದ್ದು ಇದೆ, ಎರಡು ಸಾಲು ಬರೆದರೆ ಆಯಿತು. ಅವರ್ಸಾದಲ್ಲಿ ನನ್ನ ಅಮ್ಮ ಒಂದು ಪಾತ್ರೆ ಪಾಯಸ ಕೊಟ್ಟು ಬರಬೇಕಾಯಿತು.

ಇನ್ನು ಉಳಿದದ್ದು ಮೂರನೆಯದು, ಒಂದೇ ಯಾವುದು, ಬೇರೆ ಯಾವುದು ಎಂಬುದು. ಇದನ್ನು ಪ್ರೋಗ್ರಾಮಿಗೆ ನಾವೇ ಹೇಳಿಕೊಡಬೇಕು. ಅದಕ್ಕೆ ಸ್ವಂತ ಬುದ್ಧಿ ಇಲ್ಲ. ಇದಕ್ಕೂ ಕಟ್ಟುಪಾಡುಗಳುಂಟು. ಇದು ಅದರಂತೆಯೇ ಎಂದಾದರೆ ಅದೂ ಇದರಂತೆಯೇ ಆಗಬೇಕು ಎಂದು ಸರ್ ಹೇಳಿದಾಗ ನನಗೆ ನಗು ಬಂತು. ನಮ್ಮ ಅಡುಗೆಮನೆಯಲ್ಲಿ ಈ ನಿಯಮ ನಡೆಯುವುದಿಲ್ಲ. ತನ್ನ ಬಂಗಡೆ ಸಾರು ಅತ್ತೆಯ ಸಾರಿನ ಹಾಗೆಯೇ ಎಂದು ಅಮ್ಮ ಇಪ್ಪತ್ತು ವರ್ಷಗಳಿಂದ ಹೇಳುತ್ತಿದ್ದಳು. ಅಜ್ಜಿ ಒಮ್ಮೆಯೂ ಒಪ್ಪಿರಲಿಲ್ಲ. ಇರಲಿ. ಇಬ್ಬರು ಸದಸ್ಯರು ಒಂದೇ ಎಂದು ಯಾವಾಗ ತಿಳಿಯಬೇಕು ಎಂದು ಸೊಸೈಟಿಯ ಸೆಕ್ರೆಟರಿ ವೆಂಕಣ್ಣನವರನ್ನು ಕೇಳಿದೆವು. ಹಳೆಯ ಪುಸ್ತಕಗಳಲ್ಲಿ ಒಬ್ಬರನ್ನೇ ಎರಡೆರಡು ಸಲ ಬರೆದು ಅವರಿಗೆ ಸಾಕಾಗಿತ್ತು. “ಹೆಸರು, ಊರು, ಮನೆ ನಂಬರು ಮೂರೂ ಕೂಡಿದ್ರೆ ಒಂದೇ ಜನ ಅಂತ ಹಿಡೀರಿ. ಒಂದೇ ಮನೇಲಿ ಒಂದೇ ಹೆಸರಿನವ್ರು ಇಬ್ರು ಎಲ್ಲಿಂದ ಬರ್ತಾರೆ?” ಎಂದರು. ಮನೆಮನೆಯಲ್ಲೂ ಅಜ್ಜನ ಹೆಸರಿನ ಮೊಮ್ಮಗ, ಅಜ್ಜಿಯ ಹೆಸರಿನ ಮೊಮ್ಮಗಳು ಇರುವ ಊರಿನಲ್ಲಿ ನಿಂತು ಅವರು ಹೇಳಿದರು, ಅದೇ ಊರಿನ ನಾನು ತಲೆಯಾಡಿಸಿ ಬರೆದುಕೊಂಡೆ. ಅಜ್ಜಿಗೂ ಅಜ್ಜಿಗೂ ಹೋಲಿಸಿದೆ: ಒಂದೇ. ಅಜ್ಜಿಗೂ ಅಪ್ಪನಿಗೂ ಹೋಲಿಸಿದೆ: ಬೇರೆ. ಹಸಿರು, ಹಸಿರು. ಆ ಮನೆಯಲ್ಲಿ ಇನ್ನೊಬ್ಬ ಬೀರಮ್ಮ ಇದ್ದಾಳೆ, ಅವಳಿಗೆ ಹದಿನೆಂಟು ತುಂಬಿದ ವರ್ಷ ಅಪ್ಪ ಅವಳನ್ನೂ ಸೊಸೈಟಿಗೆ ಸದಸ್ಯಳನ್ನಾಗಿ ಮಾಡಿದ್ದ ಎಂಬುದು ನನಗೆ ಹೊಳೆಯಲೇ ಇಲ್ಲ. ಮನೆಯಲ್ಲಿ ನಾನು ತಂಗಿಯಲ್ಲವೆ?

ಚೌತಿ ಮುಗಿದು ಸಭೆ ಹತ್ತಿರ ಬಂತು. ಅಜ್ಜಿ ಸೊಸೈಟಿಯ ಸದಸ್ಯಳಾದದ್ದು ತವರಿನಿಂದ ಬಂದ ಒಂದು ತುಂಡು ಗದ್ದೆಯ ದೆಸೆಯಿಂದ. ಅದು ಅವಳದೇ ಹೆಸರಿನಲ್ಲಿತ್ತು. ವರ್ಷಕ್ಕೊಮ್ಮೆ ಸಭೆಯ ದಿನ ಅವಳು ಬೆಳಿಗ್ಗೆಯೇ ಮಿಂದು, ಪೆಟ್ಟಿಗೆಯ ಸೀರೆ ಉಟ್ಟು, ಬಿಳಿ ತುರುಬಿಗೆ ಅಬ್ಬಲಿ ಹೂ ಮುಡಿದು ಹೊರಡುತ್ತಿದ್ದಳು. ಸಭೆಯಲ್ಲಿ ಸೆಕ್ರೆಟರಿ ಒಬ್ಬೊಬ್ಬರದೇ ಹೆಸರು ಕೂಗುತ್ತಾರೆ, ಕೂಗಿದವರು ಓಗೊಟ್ಟು ಮುಂದೆ ಹೋಗಿ ಲಾಡು, ಅವಲಕ್ಕಿ ಚೂಡಾ ಇರುವ ಪೊಟ್ಟಣ ತೆಗೆದುಕೊಳ್ಳುತ್ತಾರೆ. ಅಲ್ಲಿಯವರೆಗೆ ಕೂಗುತ್ತಿದ್ದದ್ದು ಹಳೆಯ ಪುಸ್ತಕದ ಹೆಸರುಗಳನ್ನಷ್ಟೇ, ಹೊಸ ಪುಸ್ತಕದ ನನ್ನಂಥವರ ಸರದಿ ಇನ್ನೂ ಬಂದಿರಲಿಲ್ಲ. ಅಜ್ಜಿಗೆ ಲಾಡುವಿನ ಆಸೆ ಎಂದು ನಾವೆಲ್ಲ ತಿಳಿದಿದ್ದೆವು. ಆ ವರ್ಷ ಅವಳಿಗೊಂದು ಚಿಂತೆ ಹತ್ತಿತು.

“ಈ ಸಲ ಕಂಪ್ಯೂಟರ್‌ದಾಗೆ ಇದ್ದವ್ರನ್ನ ಮಾತ್ರ ಕರೀತ್ರಂತೆ, ಹೌದಾ?”

“ಹೌದು.”

“ನಾ ಅದ್ರಾಗೆ ಇದ್ನ್ಯಾ ನೋಡ್ಕಂಡ್ ಬಾ ತಂಗಿ.”

“ಇರ್ತೀಯೆ ಅಜ್ಜಿ. ಇಲ್ಲದಿದ್ರೆ ಲಾಡು ನಾನೇ ತಂದ್ಕೊಡ್ತೆ.”

ಅಜ್ಜಿ ನನ್ನನ್ನು, ಕಲಿತವರ ಮೇಲೆ ಕಲಿಯದವರಿಗೆ ಬರುವ ಒಂದು ಬಗೆಯ ಸಹನೆಯಿಂದ ನೋಡಿದಳು. “ಲಾಡು ಯಾರಿಗೆ ಬೇಕು? ತಿನ್ನೂಕೆ ಹಲ್ಲ್ ಎಲ್ಲದೆ? ವರ್ಷಕ್ಕೊಂದ್ ಸಲ ಯಾರೋ ಒಬ್ರು ನನ್ ಹೆಸರ್ ಹಿಡ್ದು ಕರೀತ್ರಲ, ಅದ್ನ ಕೇಳ್ಕಂಡ್ ಬರೂದು. ನನ್ ಅಪ್ಪ ಹೋದ್ ಮೇಲೆ ಬೇರೆ ಯಾರ್ ಕರ್ದಿರು?”

ಅಷ್ಟು ಹೇಳಿ ಅವಳು ಎದ್ದು ಕೋಳಿಗಳನ್ನು ಗೂಡಿಗೆ ಅಟ್ಟಲು ಹೋದಳು. ನಾನು ಜಗಲಿಯಲ್ಲಿ ಕೂತು ಲೆಕ್ಕ ಹಾಕಿದೆ. ಅಮ್ಮನಿಗೆ ಅವಳು ‘ಅತ್ತೆ’, ಅಪ್ಪನಿಗೆ ‘ಅವ್ವ’, ಕೇರಿಗೆ ‘ಹಮ್ಮಣ್ಣನ ಅವ್ವ’, ನನಗೆ ಅಜ್ಜಿ. ನನ್ನನ್ನಾದರೂ ಶ್ಯಾಮಲಾ ಬೆಳಗಾದರೆ ಹೆಸರು ಹಿಡಿದು ಗೇಲಿ ಮಾಡುತ್ತಾಳೆ.

ಮರುದಿನ ಆಫೀಸಿಗೆ ಹೋದವಳು ಚೀಲವನ್ನೂ ಇಳಿಸದೆ, ಸೊಸೈಟಿಯವರು ಆಗಲೇ ತುಂಬಿದ್ದ ಪಟ್ಟಿಯಲ್ಲಿ ಹುಡುಕಿದೆ. ಬೀರಮ್ಮ ಇದ್ದಳು. ಅಬ್ಬ ಎಂದುಕೊಂಡೆ. ಆಮೇಲೆ ಹುಟ್ಟಿದ ದಿನ ನೋಡಿದೆ. ಅದು ನನ್ನದು. ಮತ್ತೆ ಮೇಲೆ ಕೆಳಗೆ ಹುಡುಕಿದೆ, ಅಜ್ಜಿ ಎಲ್ಲೂ ಇಲ್ಲ. ಆದದ್ದು ಇಷ್ಟು: ಸದಸ್ಯರನ್ನೆಲ್ಲ ತುಂಬುತ್ತಿದ್ದದ್ದು ಪ್ರೋಗ್ರಾಮಿನೊಳಗಿನ ಒಂದು ಬಗೆಯ ಚೀಲಕ್ಕೆ. ಅದರ ಗುಣವೆಂದರೆ, ಒಂದೇ ಎಂದು ಕಂಡದ್ದನ್ನು ಅದು ಎರಡನೆಯ ಸಲ ಒಳಗೆ ಬಿಡುವುದಿಲ್ಲ. ಸೊಸೈಟಿಯವರು ಹೊಸ ಪುಸ್ತಕದಿಂದ ತುಂಬಲು ಶುರುಮಾಡಿದ್ದರಿಂದ ಮೊದಲು ಹೊಕ್ಕವಳು ನಾನು. ಆಮೇಲೆ ಹಳೆಯ ಪುಸ್ತಕದಿಂದ ಬಂದ ಅಜ್ಜಿಯನ್ನು, ನೀನು ಆಗಲೇ ಒಳಗಿದ್ದೀಯಲ್ಲ ಎಂದು ಬಾಗಿಲಲ್ಲೇ ತಡೆದು ಕಳಿಸಿತ್ತು. ನಾನು ನಿಧಾನವಾಗಿ ಕೂತು, ಬರೆಯದೆ ಬಿಟ್ಟಿದ್ದ ಒಂದು ಪರೀಕ್ಷೆಯನ್ನು ಬರೆದೆ. ಅಜ್ಜಿ ಮತ್ತು ನಾನು ಒಂದೇ ಅಲ್ಲ. ಓಡಿಸಿದೆ. ಕೆಂಪು. ಇಷ್ಟು ವರ್ಷ ಆ ಹೆಸರಿನಿಂದ ತಪ್ಪಿಸಿಕೊಂಡು ತಿರುಗಿದವಳು ನಾನು. ಈಗ ನೋಡಿದರೆ ಅದನ್ನು ಪೂರ್ತಿ ನಾನೇ ಇಟ್ಟುಕೊಂಡು, ಅದಕ್ಕಾಗಿ ವರ್ಷವಿಡೀ ಕಾಯುವವಳನ್ನು ಹೊರಗೆ ಹಾಕಿದ್ದೆ.

ಸರ್‌ಗೆ ಹೇಳಿದೆ. “ನಿಯಮ ಹೇಳಿದವರು ವೆಂಕಣ್ಣ. ಅವರು ಹೂಂ ಅಂದರೆ ಬದಲಾಯಿಸು” ಎಂದರು. ಸಂಜೆ ಬಸ್ಸಿಳಿದು ಸೀದಾ ಸೊಸೈಟಿಗೆ ಹೋದೆ. ವೆಂಕಣ್ಣನವರು ಹೂಂ ಅನ್ನಲಿಲ್ಲ.

“ಸಭೆ ಮುಗೀಲಿ ಮಾರಾಯ್ತಿ. ಒಂದ್ ಅಜ್ಜಿ ಸಲುವಾಗಿ ಎಲ್ಲಾ ಮತ್ತೆ ತುಂಬೂಕೆ ಆಗ್ತದಾ? ಪೊಟ್ಟಣ ನಾ ಮನೆಗೆ ಕಳಿಸ್ತೆ.”

“ಪೊಟ್ಟಣ ಬೇಡಂತೆ ಅವಳಿಗೆ.”

“ಮತ್ತೆಂತಾ ಬೇಕಂತೆ?”

ಅದನ್ನೆಲ್ಲ ವಿವರಿಸಿ ಹೇಳುವ ಜಾಯಮಾನ ನನ್ನದಲ್ಲ. ಅದು ಅಜ್ಜಿಯ ಗುಟ್ಟು ಬೇರೆ. ಗೋಡೆ ನೋಡಿದೆ. ಗೋಡೆಯ ಮೇಲೆ ಸೊಸೈಟಿ ಕಟ್ಟಿದ ಹಿರಿಯರ ಹಾರ ಹಾಕಿದ ಫೋಟೋಗಳಿದ್ದವು. ಮೊದಲನೆಯದರ ಕೆಳಗೆ ‘ವೆಂಕಣ್ಣ’ ಎಂದು ಬರೆದಿತ್ತು.

“ಇವರು ನಿಮ್ಮ ಅಜ್ಜ ಅಲ್ವಾ?” ಎಂದೆ.

“ಹೌದು. ತೀರ್ಕಂಡು ಎಷ್ಟೋ ವರ್ಷ ಆಯ್ತು. ಗೌರವಕ್ಕೆ ಅಂತ ಹಳೇ ಪುಸ್ತಕದ ಮೊದಲ್ನೇ ಹೆಸರು ಹಾಗೇ ಇಟ್ಟಿದ್ದು. ನನ್ನ ಹೆಸರು ಅದೇ ಪುಸ್ತಕದಲ್ಲಿ ಎಷ್ಟೋ ಕೆಳಗೆ.”

“ಒಂದೇ ಮನೆ ನಂಬರಾ?”

“ಒಂದೇ ಮನೆ. ಅದೇ ಮನೇಲಿ ಹುಟ್ದವ ನಾ...” ಎಂದವರು ಅಲ್ಲಿಗೇ ನಿಂತರು. ಕನ್ನಡಕ ಮೇಲೇರಿಸಿ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಬೆರಳಿನಲ್ಲಿ ತಮ್ಮ ಹೆಸರು ಒತ್ತಿದರು. ಒಬ್ಬನೇ ವೆಂಕಣ್ಣ ಬಂದ, ಸ್ಥಾಪಕ ಸದಸ್ಯ. ಅವರು ಫೋಟೋವನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದರು. “ಅಂದ್ರೆ ಸಭೇಲಿ ನಾ ವೆಂಕಣ್ಣ ಅಂತ ಕರೂದು, ಅಜ್ಜ ಹಾರ ತೆಗ್ದಿಟ್ಟು ಹಾಜರಿ ಹೇಳೂದಾ?”

“ಹಾಗೇ ಆಗ್ತದೆ.”

“ಬದಲ್ ಮಾಡು, ಬದಲ್ ಮಾಡು. ಇವತ್ತೇ ಮಾಡು. ಜೀವ ಇದ್ದಾಗ್ಲೇ ಫೋಟೋದೊಳಗೆ ಹಾಕ್ಬೇಡ ನನ್ನ.”

ಹುಟ್ಟಿದ ದಿನವನ್ನೂ ಹೋಲಿಸಬೇಕು ಎಂದು ನಿಯಮ ಬದಲಾಯಿಸಿದೆ. ಪ್ರೋಗ್ರಾಂ ಅಲ್ಲಿಗೇ ಕುಸಿದು ಬಿತ್ತು. ಊರಿನ ಹಿರಿಯರಲ್ಲಿ ಬಹಳ ಮಂದಿಗೆ ಹುಟ್ಟಿದ ದಿನವೇ ಇರಲಿಲ್ಲ, ಆ ಜಾಗ ಖಾಲಿ. ಖಾಲಿಯನ್ನು ಹೋಲಿಸು ಎಂದರೆ ಜಾವಾ ಮೂರ್ಛೆ ಹೋಗುತ್ತದೆ. ಖಾಲಿ ಇದ್ದರೂ ಬೀಳದಂತೆ ತಿದ್ದಿ, ಅದಕ್ಕೂ ಒಂದು ಪರೀಕ್ಷೆ ಬರೆದೆ. ಆದರೂ ಅಜ್ಜಿಯ ಜಾಗ ಖಾಲಿ ಬಿಡಲು ಮನಸ್ಸಾಗದೆ, ನೀನು ಹುಟ್ಟಿದ್ದು ಯಾವಾಗ ಎಂದು ಅವಳನ್ನೇ ಕೇಳಿದೆ. “ಅವ್ವ ನಟ್ಟಿ ಮುಗ್ಸಿ ಗದ್ದೆಯಿಂದ ಬಂದ್ ಸಂಜೆ” ಎಂದಳು. ಇದಕ್ಕಿಂತ ನಿಖರವಾಗಿ ಯಾರು ಹೇಳಬಲ್ಲರು? ಆದರೆ ಸಂಜೆ ತುಂಬಲು ನಾನು ಜಾಗವನ್ನೇ ಇಟ್ಟಿರಲಿಲ್ಲ. ಅಂದಾಜಿನ ವರ್ಷ ಹಾಕಿ ಜುಲೈ ಎಂದು ತುಂಬಿದೆ. ಹಳೆಯ ಪುಸ್ತಕಗಳನ್ನು ಮತ್ತೆ ಹಾಯಿಸಿದಾಗ ಊರಿನ ಅಜ್ಜಅಜ್ಜಿಯರೆಲ್ಲ ಒಬ್ಬೊಬ್ಬರಾಗಿ ಒಳಗೆ ಬಂದರು, ಹೊರಗುಳಿದಿದ್ದ ಮೊಮ್ಮಕ್ಕಳೂ ಬಂದರು. ಅಜ್ಜಿ ಮತ್ತು ನಾನು ಒಂದೇ ಅಲ್ಲ: ಹಸಿರು. ಶ್ಯಾಮಲಾ ಕ್ಯಾಂಟೀನಿನಿಂದ ಬಿಸ್ಕೂಟ್ ಅಂಬಡೆ ಎಂಬ ಉದ್ದಿನ ಬೋಂಡಾ ತರಿಸಿದಳು.

ಸಭೆಯ ದಿನ ಭಾನುವಾರ. ಅಜ್ಜಿಯ ಜೊತೆ ನಾನೂ ಹೋದೆ. ಅವಳು ಮುಂದಿನ ಸಾಲಿನಲ್ಲಿ ಕೂತಳು, ನಾನು ನನ್ನ ಅಭ್ಯಾಸದಂತೆ ಕಂಬದ ಮರೆಯಲ್ಲಿ. ವೆಂಕಣ್ಣನವರು ಮೊದಲು ತಮ್ಮ ಅಜ್ಜನ ಹೆಸರು ಓದಿ ಫೋಟೋಗೆ ಕೈಮುಗಿದರು, ಆಮೇಲೆ ತಮ್ಮದನ್ನು ಓದಿ ತಾವೇ ಗಟ್ಟಿಯಾಗಿ “ಇದ್ದೇನೆ!” ಎಂದರು. ಯಾಕೆ ಅಷ್ಟು ಗಟ್ಟಿಯಾಗಿ ಎಂದು ಜನ ಮುಖ ಮುಖ ನೋಡಿಕೊಂಡರು. ಹೆಸರುಗಳು ಒಂದೊಂದಾಗಿ ಸಾಗಿದವು. ಹಸಿರು ಪಟ್ಟಿಯನ್ನು ನಂಬಬಹುದು, ಆದರೂ ಎಷ್ಟು ನಂಬಬಹುದು?

“ಬೀರಮ್ಮ!”

“ಹ್ಞಾಂ!”

ಅಜ್ಜಿ ಎದ್ದಳು. ಸೆರಗು ಸರಿಮಾಡಿಕೊಂಡು, ಒಂದಿಷ್ಟೂ ಅವಸರವಿಲ್ಲದೆ, ಕರೆದದ್ದು ತನ್ನನ್ನೇ ಎಂದು ಇಡೀ ಸಭೆಗೆ ತಿಳಿಯುವಷ್ಟು ಹೊತ್ತು ನಿಂತು, ಆಮೇಲೆ ನಡೆದು ಹೋಗಿ ಪೊಟ್ಟಣ ತೆಗೆದುಕೊಂಡು ಬಂದು ಕೂತಳು. ಕೂತ ಮೇಲೆ ತುರುಬಿನ ಅಬ್ಬಲಿಯನ್ನು ಒಮ್ಮೆ ಮುಟ್ಟಿ ನೋಡಿದಳು.

“ಬೀರಮ್ಮ!” ಎಂದರು ವೆಂಕಣ್ಣನವರು ಮತ್ತೆ. ಇದು ನಾನು. ಬಾಯಿ ತೆರೆದೆ, ಸ್ವರ ಬರಲಿಲ್ಲ. ಊರಿನವರೆಲ್ಲರ ಎದುರಿಗೆ ಆ ಹೆಸರಿಗೆ ಓಗೊಟ್ಟು ನನಗೆ ರೂಢಿಯಿರಲಿಲ್ಲ. “ಬೀರಮ್ಮ ಇದ್ದಾಳಾ ಇಲ್ವಾ?” ಎಂದು ಅವರು ಪೆನ್ನು ಎತ್ತಿದರು.

“ಹ್ಞಾಂ!” ಎಂದಳು ಅಜ್ಜಿ. ಮತ್ತೆ ಎದ್ದು, ಮತ್ತೆ ಅಷ್ಟೇ ಗತ್ತಿನಿಂದ ಹೋಗಿ ಎರಡನೆಯ ಪೊಟ್ಟಣವನ್ನೂ ತೆಗೆದುಕೊಂಡಳು. ವೆಂಕಣ್ಣನವರು ಕನ್ನಡಕದ ಮೇಲಿನಿಂದ ಅವಳನ್ನೂ, ಕಂಬದ ಮರೆಯ ನನ್ನನ್ನೂ ನೋಡಿ, ಮುಂದಿನ ಹೆಸರಿಗೆ ಹೋದರು. ಮೂರು ವಾರ ಬೆವರಿಳಿಸಿ ಇಬ್ಬರೂ ಬೇರೆ ಬೇರೆ ಎಂದು ನಾನು ಸಾಬೀತು ಮಾಡಿದ್ದನ್ನು ಅಜ್ಜಿ ಒಂದೇ ಉಸಿರಿನಲ್ಲಿ ಕೆಂಪು ಮಾಡಿದ್ದಳು. ಗದ್ದೆಯ ಬದುವಿನ ಮೇಲೆ ಮನೆಗೆ ಬರುವಾಗ, ನನ್ನ ಹೆಸರಿಗೆ ನೀನ್ಯಾಕೆ ಹೋದೆ ಎಂದು ಕೇಳಿದೆ. “ನಿನ್ ಹೆಸರಾ? ನಂದು. ನಿಂಗೆ ಕೊಟ್ಟದ್ದು ಅಷ್ಟೆ” ಎಂದು, ಎರಡೂ ಲಾಡುಗಳನ್ನು ನನ್ನ ಕೈಗಿಟ್ಟಳು. ಅವಳ ಮುಖ ನೋಡಿದರೆ, ಒಂದೇ ದಿನದಲ್ಲಿ ಎರಡು ಸಲ ಕರೆಸಿಕೊಂಡದ್ದು ಅವಳಿಗೆ ಎರಡು ವರ್ಷದ ಸಭೆಯಷ್ಟು ಆಗಿತ್ತು.

ಮುಂದಿನ ಸಭೆಗಳಲ್ಲೂ ಅದೇ ನಡೆಯಿತು. ನಾನು ಕಂಬದ ಮರೆ, ಅವಳು ಎರಡು ಸಲ ಹ್ಞಾಂ, ಪೊಟ್ಟಣ ಎರಡು. ಕಳೆದ ಮಳೆಗಾಲದಲ್ಲಿ ಅಜ್ಜಿ ಹೋದಳು. ನಟ್ಟಿ ಮುಗಿದಿತ್ತು. ಸೊಸೈಟಿಯವರು ಕಂಪ್ಯೂಟರಿನಿಂದ ಅವಳೊಬ್ಬಳನ್ನೇ ತೆಗೆದರು, ನನಗೇನೂ ಆಗಲಿಲ್ಲ. ಬರೆದ ಕೋಡು ಸರಿಯಾಗಿತ್ತು. ಈ ಸಲ ಸಭೆಗೆ ಒಬ್ಬಳೇ ಹೋಗುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹ್ಞಾಂ ಎನ್ನುವುದನ್ನು ಅಭ್ಯಾಸ ಮಾಡಿಕೊಂಡು ಹೋದೆ. ಕಂಬದ ಹತ್ತಿರ ಕೂರಲಿಲ್ಲ. ವೆಂಕಣ್ಣನವರು “ಬೀರಮ್ಮ” ಎಂದು ಕರೆದದ್ದೇ ತಡ, ಎಲ್ಲಿ ಅಡಗಿತ್ತೋ ಆ ಸ್ವರ, “ಹ್ಞಾಂ!” ಎಂದು ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಬಂತು. ವೆಂಕಣ್ಣನವರ ಪೆನ್ನು ಒಂದು ಗಳಿಗೆ ನಿಂತಿತು. ಎದ್ದೆ, ದುಪ್ಪಟ್ಟಾ ಸರಿಮಾಡಿಕೊಂಡೆ, ಅವಸರವಿಲ್ಲದೆ ನಡೆದು ಹೋಗಿ ಪೊಟ್ಟಣ ತೆಗೆದುಕೊಂಡೆ. ತೆಗೆದುಕೊಂಡ ಮೇಲೂ ಕೈ ಚಾಚಿಯೇ ನಿಂತಿದ್ದೆನಂತೆ. ಹಿಂದಿನವರು ಮೆಲ್ಲಗೆ ಬೆನ್ನು ತಟ್ಟಿ, “ಮುಂದೆ ಹೋಗು ತಂಗಿ, ಒಂದೇ ಪೊಟ್ಟಣ” ಎಂದಾಗ ನನಗೆ ಗೊತ್ತಾಯಿತು.